ಅರ್ಧಕ್ಕೆ ನಿಂತ ಬಾವುಟ

ಟ್ರೋಲ್ಸ್‌ನ ಕಷ್ಟವೆಲ್ಲ ಶುರುವಾದದ್ದು ಬಾವುಟದ ಹಗ್ಗ ಕಂಬದ ನಡುವೆ ಸಿಕ್ಕಿಹಾಕಿಕೊಂಡದ್ದರಿಂದ. ಸರಿಯಾಗಿ ಹೇಳಬೇಕೆಂದರೆ ಅವನ ಅತ್ತೆ ಬೊಡಿಲ್ ಹುಟ್ಟಿದ್ದರಿಂದ. ಆದರೆ ಅಷ್ಟು ಹಿಂದಕ್ಕೆ ಹೋಗುವುದು ಬೇಡ.

ಡೆನ್ಮಾರ್ಕಿನ ಸ್ವೆನ್‌ಬೋರ್‌ನಲ್ಲಿ ಅವನದು ಪುಟ್ಟ ಸಂಸಾರ. ನರ್ಸ್ ಕೆಲಸದ ಹೆಂಡತಿ ರಿಕ್ಕೆ, ಮಗಳು ಅಸ್ತಾ, ಮಹಡಿಯ ಮೇಲೊಂದು ಖಾಲಿ ಕೋಣೆ. ಆ ಕೋಣೆಯ ಮೇಲೆ ಅತ್ತೆಗೆ ಬಹಳ ದಿನದಿಂದ ಕಣ್ಣು. ಆಕೆ ಬಂದು ಕೂತರೆ ಬ್ರೆಡ್ಡಿಗೆ ಬೆಣ್ಣೆ ಸವರುವುದರಿಂದ ಹಿಡಿದು ಉಸಿರಾಡುವವರೆಗೆ ಎಲ್ಲವನ್ನೂ ತಿದ್ದಿಸಿಕೊಳ್ಳಬೇಕಾದೀತೆಂದು ಹೆದರಿದ ಟ್ರೋಲ್ಸ್, ಒಬ್ಬ ಓಪೇರ್ ಹುಡುಗಿಯನ್ನು ಕರೆಸೋಣ ಎಂದ. ಮನೆಯವಳಂತೆ ಇದ್ದು ಮಗುವನ್ನು ನೋಡಿಕೊಳ್ಳುತ್ತಾಳೆ, ಊರಿನ ಭಾಷೆ ಕಲಿಯುತ್ತಾಳೆ, ಮುಖ್ಯವಾಗಿ ಕೋಣೆ ಭರ್ತಿಯಾಗುತ್ತದೆ.

ಮೊದಲು ಬಂದವಳು ವಾರ ಕಳೆಯುವುದರೊಳಗೆ ಗಂಟುಮೂಟೆ ಕಟ್ಟಿದ್ದಳು. ಅವಳನ್ನು ಕರೆತರಲು ಸ್ಟೇಷನ್ನಿಗೆ ಹೋಗುವುದನ್ನೇ ಟ್ರೋಲ್ಸ್ ಮರೆತಿದ್ದ. ಈ ಸಲ ಮೂವರೂ ಕಂಪ್ಯೂಟರಿನ ಮುಂದೆ ಕೂತು ಹುಡುಗಿಯರನ್ನು ಮಾತಾಡಿಸಿದರು. ಅಸ್ತಾ ತನ್ನ ಬಸವನಹುಳುವನ್ನು ಎತ್ತಿ ತೋರಿಸಿದಾಗ ಉಳಿದ ಹುಡುಗಿಯರೆಲ್ಲ ಮುಖ ಸಿಂಡರಿಸಿದರೆ, ಜಾರ್ಜಿಯಾ ದೇಶದ ತಾಮ್ತಾ ಅದರ ಹೆಸರೇನೆಂದು ಕೇಳಿದಳು. ಆಯ್ಕೆ ಅಲ್ಲಿಗೆ ಮುಗಿಯಿತು.

"ಇವಳನ್ನಾದ್ರೂ ಸರಿಯಾಗಿ ಬರಮಾಡ್ಕೋ. ಇವಳೂ ಹೋದ್ರೆ ಅಮ್ಮನೇ ಬರ್ತಾಳೆ, ಆಮೇಲೆ ನನ್ನ ಕೇಳ್ಬೇಡ" ಎಂದು ರಿಕ್ಕೆ ಬೆಳಿಗ್ಗೆ ಹೇಳಿ, ಅಸ್ತಾಳನ್ನು ಶಾಲೆಗೆ ಬಿಟ್ಟು ಡ್ಯೂಟಿಗೆ ಹೋದಳು.

ಹುಟ್ಟುಹಬ್ಬಕ್ಕೂ ನೆಂಟರಿಗೂ ಬಾವುಟ ಏರಿಸುವ ಬೀದಿ ಅದು. ಟ್ರೋಲ್ಸ್ ಹುರುಪಿನಿಂದ ಹಗ್ಗ ಎಳೆದ. ಬಾವುಟ ಅರ್ಧ ಕಂಬ ಏರಿ ನಿಂತುಬಿಟ್ಟಿತು. ಮೇಲೂ ಹೋಗದು, ಕೆಳಗೂ ಬಾರದು. ರೈಲಿನ ಹೊತ್ತಾಗಿತ್ತು. ಬಂದ ಮೇಲೆ ನೋಡಿಕೊಂಡರಾಯಿತು ಎಂದು ಕಾರು ಹತ್ತಿದ. ಅರ್ಧಕ್ಕೆ ನಿಂತ ಬಾವುಟವೆಂದರೆ ಮನೆಯಲ್ಲಿ ಸಾವಾಗಿದೆ ಎಂದರ್ಥ, ಅದು ಬೀದಿಯ ಮಕ್ಕಳಿಗೂ ಗೊತ್ತು. ಅವನಿಗೆ ಮಾತ್ರ ಆ ಗಡಿಬಿಡಿಯಲ್ಲಿ ಹೊಳೆಯಲಿಲ್ಲ.

ತಾಮ್ತಾ ದಾರಿಯುದ್ದಕ್ಕೂ ಕಿಟಕಿಯ ಕಡೆಗೇ ಮುಖ ಮಾಡಿದ್ದಳು. ಸ್ಟೇಷನ್ನಿನಿಂದ ಇಲ್ಲಿಯವರೆಗೆ ಯಾರೂ ಯಾರನ್ನೂ ಮಾತಾಡಿಸಿದ್ದು ಕಾಣಲಿಲ್ಲ, ಇಂಥ ಊರಿನಲ್ಲಿ ತಾನು ಇರಬಲ್ಲೆನೋ ಇಲ್ಲವೋ ಎಂದು ಸಣ್ಣ ದನಿಯಲ್ಲಿ ಅಂದಳು. ಟ್ರೋಲ್ಸ್‌ಗೆ ಅತ್ತೆಯ ಸೂಟ್‌ಕೇಸು ಕಣ್ಣ ಮುಂದೆ ಬಂತು.

ಮನೆಗೆ ಬಂದರೆ ಗೇಟಿನಲ್ಲಿ ಕಪ್ಪು ಬಟ್ಟೆಯ ಜನ, ಕೈಯಲ್ಲಿ ಹೂವು. ಪಕ್ಕದ ಮನೆಯ ಯುಟ್ಟೆ, ಈ ಮನೆಯ ಇನ್ನೊಂದು ಬೀಗದ ಕೈ ಇಟ್ಟುಕೊಂಡವಳು, ಆಗಲೇ ಒಳಗೆ ಹೋಗಿ ಕಾಫಿ ಕಾಸಿ ಕೇಕು ಹೆಚ್ಚಿದ್ದಳು. ಈ ಮನೆಯವರ ಪೈಕಿ ಸಾಯುವ ವಯಸ್ಸಿನವರು ಬೊಡಿಲ್ ಒಬ್ಬರೇ ಎಂದು ಬೀದಿಯೆಲ್ಲ ಸೇರಿ ತೀರ್ಮಾನಿಸಿ, ಹೂವಿನಂಗಡಿಗೆ ದೊಡ್ಡ ಹಾರವನ್ನೂ ಹೇಳಿಯಾಗಿತ್ತು. ಎದುರುಮನೆಯ ಬಡಗಿ ಐವಿಂದ್, ಬೊಡಿಲ್ ಬಂದಾಗಲೆಲ್ಲ ಅವರ ಜೊತೆ ಜಗಳವಾಡುತ್ತಿದ್ದವನು, ಬಿಕ್ಕಿ ಬಿಕ್ಕಿ ಅಳುತ್ತಿದ್ದ.

"ಹಗ್ಗ ಸಿಕ್ಕಿಹಾಕ್ಕೊಂಡು..." ಎಂದು ಟ್ರೋಲ್ಸ್ ಬಾಯಿ ತೆಗೆದ.

"ದುಃಖದಲ್ಲಿ ಹಿಂಗೇ ಏನೇನೋ ಬಾಯಿಗೆ ಬರುತ್ತಪ್ಪ, ಸುಮ್ನೆ ಕೂತ್ಕೋ" ಎಂದು ಯುಟ್ಟೆ ಅವನ ಬಾಯಿಗೆ ಕೇಕು ತುರುಕಿದಳು.

ಅದನ್ನು ನುಂಗಿ ನಿಜ ಹೇಳಬೇಕೆನ್ನುವಷ್ಟರಲ್ಲಿ ತಾಮ್ತಾಳ ಮುಖ ಕಣ್ಣಿಗೆ ಬಿತ್ತು. ಅವಳ ಕಣ್ಣು ತುಂಬಿತ್ತು. ತನ್ನನ್ನು ಸಾಕಿದ ಅಜ್ಜಿ ಹೋದ ವರ್ಷ ತೀರಿಕೊಂಡಳೆಂದು ಹೇಳಿ, ಅವನ ಕೈ ಹಿಡಿದುಕೊಂಡಳು.

"ಒಬ್ಬ ಅಜ್ಜಿಗೋಸ್ಕರ ಬೀದಿಗೆ ಬೀದಿಯೇ ಅಳ್ತಾ ಇದೆ. ನಾನು ಇಲ್ಲೇ ಇರ್ತೀನಿ, ಎಲ್ಲೂ ಹೋಗಲ್ಲ."

ಟ್ರೋಲ್ಸ್ ಬಾಯಿ ಮುಚ್ಚಿಕೊಂಡ. ಒಂದು ದಿನದ ಮಟ್ಟಿಗೆ ಅತ್ತೆ ಸತ್ತಿದ್ದರೆ ಯಾರಿಗೇನು ನಷ್ಟ, ಆಕೆ ಇರುವುದು ದೂರದ ಓದೆನ್ಸೆ ಪಟ್ಟಣದಲ್ಲಿ, ಗೊತ್ತಾಗುವುದಾದರೂ ಹೇಗೆ ಎಂದು ಲೆಕ್ಕ ಹಾಕಿದ.

ತಾಮ್ತಾ ಪೆಟ್ಟಿಗೆ ಬಿಚ್ಚಿ ಊರಿನ ದ್ರಾಕ್ಷಾರಸದ ಶೀಸೆ ತೆಗೆದಳು. ತಮ್ಮಲ್ಲಿ ಹೋದವರಿಗಾಗಿ ಬಟ್ಟಲೆತ್ತಿ ಮನೆಯ ಯಜಮಾನ ಎರಡು ಮಾತಾಡಬೇಕು, ಮನಸಾರೆ ಆಡಬೇಕು ಎಂದಳು. ಎಲ್ಲರೂ ಟ್ರೋಲ್ಸ್ ಕಡೆ ನೋಡಿದರು. ಅವನು ಎದ್ದು ನಿಂತ. ಮೊದಮೊದಲು ತಡವರಿಸಿದ. ಒಂದು ಬಟ್ಟಲು ಇಳಿದ ಮೇಲೆ, ಅಸ್ತಾ ಹುಟ್ಟಿದಾಗ ಅತ್ತೆ ನಿದ್ದೆಗೆಟ್ಟು ತೊಟ್ಟಿಲು ತೂಗಿದ್ದು ನೆನಪಾಯಿತು, ಅವನು ನಿಜವಾಗಿಯೂ ಅತ್ತುಬಿಟ್ಟ.

"ಅತ್ತೆ ಇಲ್ದೆ ಈ ಮನೆ ಬಣಬಣ ಅನ್ನುತ್ತೆ. ಇನ್ನೊಂದು ಸಲ ಅವರು ಬಂದ್ರೆ ಮಹಡಿ ಕೋಣೆ ಏನು, ನನ್ನ ಹಾಸಿಗೇನೇ ಬಿಟ್ಟುಕೊಡ್ತೀನಿ" ಎಂದ.

"ಬಿಟ್ಟುಕೊಡಪ್ಪ" ಎಂದಿತು ಬಾಗಿಲ ಕಡೆಯಿಂದ ಒಂದು ದನಿ.

ಐವಿಂದ್‌ನ ಕೈಯಿಂದ ಕಪ್ಪು ಜಾರಿತು. ಬಾಗಿಲಲ್ಲಿ ಬೊಡಿಲ್ ನಿಂತಿದ್ದರು. ಒಂದು ಕೈಯಲ್ಲಿ ಸೂಟ್‌ಕೇಸು, ಇನ್ನೊಂದರಲ್ಲಿ ಸ್ವಂತ ಹೆಸರಿನ ಹಾರ. ಬೊಡಿಲ್ ಅವರ ಹಾರ ಯಾವ ಚರ್ಚಿಗೆ ಕಳಿಸಬೇಕೆಂದು ಹೂವಿನಂಗಡಿಯವನು ಅವರ ಮನೆಗೇ ಫೋನು ಮಾಡಿದ್ದ. ಎತ್ತಿದವರು ಅವರೇ. ಬೈಯಲೆಂದು ರೈಲು ಹತ್ತಿದ್ದರಂತೆ. ಅಂಗಡಿಯಿಂದ ಹಾರ ಇಸಿದುಕೊಂಡು ಬಂದು ಬಾಗಿಲಲ್ಲಿ ಅಳಿಯನ ಮಾತು ಕೇಳಿ ನಿಂತುಬಿಟ್ಟರಂತೆ.

ಟ್ರೋಲ್ಸ್ ಹಗ್ಗದ ಕತೆಯನ್ನೆಲ್ಲ ಹೇಳಿ ಕ್ಷಮೆ ಕೇಳಿದ. ಬೊಡಿಲ್ ಕಣ್ಣೊರೆಸಿಕೊಂಡರು. "ನಾನು ಸತ್ತಿದ್ದು ಸುಳ್ಳಿರ್ಬಹುದು. ನೀನು ಅತ್ತಿದ್ದು ಸುಳ್ಳಲ್ಲ. ಇಷ್ಟು ವರ್ಷದಲ್ಲಿ ಯಾರೂ ನನಗೆ ಬಾ ಅಂದಿರ್ಲಿಲ್ಲ ಕಣೋ."

ಮಹಡಿಯ ಕೋಣೆ ಹುಡುಗಿಗೇ ಇರಲಿ, ತಾನು ಅಳಿಯ ಬಿಟ್ಟುಕೊಟ್ಟ ಹಾಸಿಗೆಯಲ್ಲೇ, ರಿಕ್ಕೆಯ ಪಕ್ಕ ಮಲಗುತ್ತೇನೆ ಎಂದರು ಬೊಡಿಲ್. ತಾಮ್ತಾ ನಗುತ್ತಾ ಅಳುತ್ತಾ ಅವರನ್ನು ತಬ್ಬಿಕೊಂಡಳು. ಬಂದ ದಿನವೇ ಅಜ್ಜಿ ಸಿಕ್ಕ ಮನೆಯನ್ನು ಅವಳಿನ್ನು ಬಿಡುವ ಹಾಗಿರಲಿಲ್ಲ.

ಸಂಜೆ ಟ್ರೋಲ್ಸ್ ಹಜಾರದ ಸೋಫಾದ ಮೇಲೆ ಕಂಬಳಿ ಹಾಸಿಕೊಳ್ಳುತ್ತಿದ್ದಾಗ ಯುಟ್ಟೆ ಕಿಟಕಿ ತಟ್ಟಿದಳು. ಸೂರ್ಯ ಮುಳುಗುತ್ತಿದ್ದಾನೆ, ಬಾವುಟ ಇಳಿಸಬೇಕು, ಯಾರೂ ಸತ್ತಿಲ್ಲವಲ್ಲ ಎಂದಳು.

ಅವನು ಒಮ್ಮೆ ಸೋಫಾವನ್ನೂ ಒಮ್ಮೆ ಕಂಬವನ್ನೂ ನೋಡಿದ.

"ಇರಲಿ ಬಿಡಿ ಯುಟ್ಟಕ್ಕ. ಈಗ ಸರಿಯಾದ ಕಡೆನೇ ನಿಂತಿದೆ."