ಶ್ಶ್! ಅತ್ತೆ ಸಿನಿಮಾ ನೋಡುತ್ತಿದ್ದಾಳೆ

ನಮ್ಮ ಸೋದರತ್ತೆಯ ಪಕ್ಕ ಕೂತು ಸಿನಿಮಾ ನೋಡಿದವರು ನೇರ ವೈಕುಂಠಕ್ಕೇ ಹೋಗುತ್ತಾರೆ. ಅನುಭವಿಸಬೇಕಾದ್ದೆಲ್ಲ ಇಲ್ಲೇ ಮುಗಿದಿರುತ್ತದಲ್ಲ! ಮಾತಾಡುವಂತಿಲ್ಲ, ಕೆಮ್ಮುವಂತಿಲ್ಲ. ಚಕ್ಕುಲಿಯಂಥ ಮುರುಕ್ಕನ್ನು ಕಡಿಯದೆ ಬಾಯಲ್ಲೇ ನೆನೆಸಿ ನುಂಗುವ ವಿದ್ಯೆ ನನಗೆ ಒಲಿದದ್ದು ಹಾಗೆ.

ಮದರಾಸಿನಲ್ಲಿ ಗಂಡಸರಷ್ಟೇ ಸಿನಿಮಾ ವಿಮರ್ಶೆ ಬರೆಯುತ್ತಿದ್ದ ಕಾಲದಲ್ಲಿ ಪೆನ್ನು ಹಿಡಿದವಳು ಅತ್ತೆ. ಪ್ರಿವ್ಯೂ ಥಿಯೇಟರಿನ ಬಾಗಿಲಲ್ಲಿ ಒಬ್ಬ ತಡೆದನಂತೆ.

"ನಿಮ್ಮ ಯಜಮಾನರು ಎಲ್ಲಮ್ಮಾ?"

"ಮನೇಲಿ ಸಾರು ಕುದಿಸ್ತಿದಾರೆ. ಬರೆಯೋಳು ನಾನು. ದಾರಿ ಬಿಡಪ್ಪಾ!"

ಒಳಗೆ ಹೋದವಳು ಸುಮ್ಮನಿದ್ದಳೇ? ಹಿಂದಿನ ಸಾಲಿನಲ್ಲಿ ತಮ್ಮ ಸಿನಿಮಾವನ್ನು ತಾವೇ ಹೊಗಳಿಕೊಳ್ಳುತ್ತಿದ್ದ ನಿರ್ಮಾಪಕರ ಕಡೆ ತಿರುಗಿ, "ಶ್ಶ್! ನೀವು ಮಾಡಿದ್ದನ್ನ ನೋಡೋಕಾದ್ರೂ ಬಿಡಿ" ಎಂದಳು. ಮರುದಿನ ಅವರಿಂದ ರೇಷ್ಮೆ ಸೀರೆ ಬಂತು. ಅತ್ತೆ ಬಿಚ್ಚಿ ನೋಡಿ, "ಅಂಚು ಕೊನೇತನಕ ಕೆಟ್ಟಿಲ್ಲ. ನಿಮ್ಮ ಕತೆಗಿಂತ ನೇಕಾರನೇ ವಾಸಿ" ಎಂದು ಹೇಳಿ ಕಳಿಸಿ, ಸೀರೆಯನ್ನೂ ಹಿಂದಕ್ಕೆ ಕಳಿಸಿದಳು! ಎಂಥ ಎದೆಗಾರಿಕೆ! ನನಗಾದರೆ ಸೀರೆ ಬಿಡಲು ಮನಸ್ಸು ಬರುತ್ತಿತ್ತೇ?

ಹೋದ ವರ್ಷ ಅವಳ ನೋಟದ ನಡುಭಾಗಕ್ಕೆ ಮಂಜು ಕವಿಯಿತು. ಓರೆಯಲ್ಲಿ ಬಾಗಿಲು ಕಾಣುತ್ತದೆ, ಎದುರಿಗಿರುವ ಮುಖ ಕಾಣುವುದಿಲ್ಲ. ಇನ್ನು ಸರಿಹೋಗದು ಎಂದರು ಡಾಕ್ಟರು. ವಾರವಾರ ಬರೆಯುತ್ತಿದ್ದವಳು ನಿಲ್ಲಿಸಿಯೇಬಿಟ್ಟಳು. ತ್ರಿಪ್ಲಿಕೇನ್ ಮನೆಯ ಉಯ್ಯಾಲೆಯ ಮೇಲೆ ಸುಮ್ಮನೆ ಕೂತಿರುತ್ತಿದ್ದಳು. ನನ್ನ ಸಾರಿಗೆ ಉಪ್ಪಿಲ್ಲದಿದ್ದರೂ ಟೀಕೆಯಿಲ್ಲ! ಆಗ ನಿಜಕ್ಕೂ ಹೆದರಿದೆ.

"ಏಳು ಅತ್ತೆ, ಸಿನಿಮಾಕ್ಕೆ ಹೋಗೋಣ. ಹೊಸ ಪಡ ಬಂದಿದೆ."

"ಏನ್ ನೋಡ್ಲಿ ಡೀ, ಮಂಜನ್ನಾ?"

"ಕಿವಿ ಇದೆಯಲ್ಲಾ. ಮುಖ ನಾನು ಹೇಳ್ತೀನಿ."

ಕತ್ತಲಲ್ಲಿ ಅವಳ ಕಿವಿಗೆ ಪಿಸುಗುಟ್ಟಿದೆ. "ತಾಯಿ ಬಾಗಿಲಿಗೆ ಬಂದಳು... ಮಗಳ ಪೆಟ್ಟಿಗೆ ನೋಡಿದಳು... ಅಳ್ತಿಲ್ಲ ಅತ್ತೆ, ನಗ್ತಿದಾಳೆ, ಆದ್ರೆ..." ನನ್ನ ಗಂಟಲು ಕಟ್ಟಿತು.

ಮಾತು ನಿಲ್ಲಿಸಿ ಎಂದು ಹಿಂದಿನಿಂದ ಒಬ್ಬ ತಮಿಳಿನಲ್ಲಿ ರೇಗಿದ. "ಶ್ಶ್! ಪೇಸಾದೀಂಗಮ್ಮಾ!"

ಅತ್ತೆಗೇ ಶ್ಶ್! ಇನ್ನು ಥಿಯೇಟರು ಉಳಿದೀತೇ? ಅತ್ತೆ ಮೆಲ್ಲನೆ ತಿರುಗಿದಳು. ಅವನಿಗೆ ಕೈಮುಗಿದಳು. ಆಮೇಲೆ ನನ್ನ ಕೈ ಹಿಡಿದು, "ನಿಲ್ಲಿಸ್ಬೇಡ, ಹೇಳು" ಎಂದಳು.

ಮನೆಗೆ ಬಂದವಳೇ ನನ್ನ ಕೈಗೆ ಪೆನ್ನು ಕೊಟ್ಟು ಹೇಳಿ ಬರೆಸಿದಳು: "ಈ ಚಿತ್ರವನ್ನು ನಾನು ನೋಡಿದ್ದು ಅಣ್ಣನ ಮಗಳ ದನಿಯಲ್ಲಿ. ತಾಯಿ ಬಾಗಿಲಿಗೆ ಬಂದಾಗ ಆ ದನಿ ಕಟ್ಟಿತು. ನಟಿ ಗೆದ್ದಳು."

ನಾನು ಕಣ್ಣೊರೆಸಿಕೊಳ್ಳುತ್ತಿದ್ದೆ. ಅತ್ತೆ ಉಯ್ಯಾಲೆಯನ್ನು ಕಾಲಿನಿಂದ ಮೀಟಿದಳು.

"ಹಾಡಿನ ದೃಶ್ಯ ಹೇಳೋವಾಗ ನೀನು ಸ್ವಲ್ಪ ಉತ್ಪ್ರೇಕ್ಷೆ ಮಾಡ್ದೆ, ತಿದ್ಕೋ. ಇವತ್ತಿನ ಸಾರಿಗೂ ಉಪ್ಪಿಲ್ಲ. ಶುಕ್ರವಾರ ಇನ್ನೊಂದು ಪಡ ಬರುತ್ತೆ. ಮುರುಕ್ಕು ತಗೊಂಡು ಬಾ... ಕಡಿದೇ ತಿನ್ನು, ಪರವಾಯಿಲ್ಲೆ."