ಸುಟ್ಟ ಮೋಟರ್, ಹಗರೆ ಹುಡುಗಿ

ಮೋಟರ್ ರಿವೈಂಡಿಂಗ್ ಅಂಗಡಿ ಇಡುತ್ತೇನೆ ಅಂದಾಗ ನಮ್ಮ ಸೋದರಮಾವ ಅರಸೀಕೆರೆ ಬಸ್ ಸ್ಟ್ಯಾಂಡಿನಲ್ಲೇ ನಕ್ಕುಬಿಟ್ಟಿದ್ದರು. "ಸುಟ್ಟ ಮೋಟರ್ ಬಿಚ್ಚಿ ಹೊಸ ತಾಮ್ರದ ತಂತಿ ಸುತ್ತೋದು ಅಂದ್ರೆ ಹೂವು ಕಟ್ಟಿದಂಗಲ್ಲ ಕಣವ್ವ. ಮೂರು ತಿಂಗಳಿಗೆ ಬಾಗಿಲು ಹಾಕ್ಕೊಂಡು ಬತ್ತೀಯ." ನಮ್ಮತ್ತೆ ಮೂರು ತಿಂಗಳನ್ನೂ ಕೊಡಲಿಲ್ಲ. "ಒಂದು ತಿಂಗಳು ನಡೆಸಿದ್ರೆ ಹೆಚ್ಚು" ಅಂದರು.

ಐದನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಓದು ಹತ್ತಿದ್ದು ಊರಿನ ಲೈಬ್ರರಿಯಲ್ಲಿ, ಕೆಲಸ ಹತ್ತಿದ್ದು ಯಾರೂ ಬೇಡವೆಂದು ಬಿಸಾಕಿದ ಮೋಟರುಗಳಲ್ಲಿ. ಅಂಗಡಿ ನೆಲೆಯೂರಿತು. ಈಗ ಅಲ್ಲೇ ಹೆಣ್ಣುಮಕ್ಕಳಿಗೆ ಕೆಲಸ ಕಲಿಸುತ್ತೇನೆ. ಓದು ಅರ್ಧಕ್ಕೆ ಬಿಟ್ಟವರು, ಓದು ಮುಗಿಸಿಯೂ ಕೆಲಸವಿಲ್ಲದವರು, ಕೂಲಿಗೆ ಹೋಗುವವರ ಮಕ್ಕಳು. ಬೆಂಗಳೂರಿನ ಒಂದು ಸಂಸ್ಥೆ ಇದಕ್ಕೆ "ಯುವ ಸಬಲೀಕರಣ" ಎಂದು ಹೆಸರಿಟ್ಟು ಬ್ಯಾನರ್ ಕಳಿಸಿದೆ. ಅದನ್ನು ಕಟ್ಟಿದರೆ ಅಂಗಡಿಯ ಬಾಗಿಲೇ ಕಾಣುವುದಿಲ್ಲ. ಹಾಗಾಗಿ ಮಡಚಿ ಇಟ್ಟಿದ್ದೇನೆ.

ಹೆಣ್ಣುಮಕ್ಕಳು, ಮೋಟರು, ಊರ ಗಂಡಸರು ಈ ಮೂರೂ ಒಂದು ಕಡೆ ಸೇರಿದ ಮೇಲೆ ಏನಾದರೊಂದು ಆಗದ ವಾರವೇ ನಮ್ಮಲ್ಲಿಲ್ಲ.

ಸ್ವಾಗತ

ಸಂಸ್ಥೆಯವರು ಒಂದು ಸಲ ವ್ಯಾಪಾರದ ತರಬೇತಿ ಕೊಡಲು ಒಬ್ಬ ಮೇಡಂ ಅವರನ್ನು ಕಳಿಸಿದರು. ಗಿರಾಕಿ ಬಂದ ಕೂಡಲೇ ಎದ್ದು ನಿಲ್ಲಬೇಕು, ಕೈ ಮುಗಿಯಬೇಕು, ನಗಬೇಕು, ಸ್ವಾಗತ ಹೇಳಬೇಕು ಎಂದು ಮೇಡಂ ಕಲಿಸಿದರು. ನಾನು ಇಷ್ಟು ವರ್ಷ "ಏನಾಗಿದೆ? ಇಳಿಸಿ" ಅಂತಷ್ಟೇ ಹೇಳಿ ವ್ಯಾಪಾರ ಮಾಡಿದವಳು. ಆದರೂ ಸುಮ್ಮನಿದ್ದೆ.

ಮಾರನೆಯ ದಿನ ಬಾಣಾವರ ಕಡೆಯ ತೆಂಗಿನ ತೋಟದವರೊಬ್ಬರು ಸುಟ್ಟ ಮೋಟರನ್ನು ಹೆಗಲ ಮೇಲೆ ಹೊತ್ತು ಒಳಗೆ ಕಾಲಿಟ್ಟರು. ಆಗ ಕಲಿಯುತ್ತಿದ್ದ ಐವರು ಹುಡುಗಿಯರೂ ಒಟ್ಟಿಗೆ ಎದ್ದು ನಿಂತು ಕೈ ಮುಗಿದು ನಕ್ಕರು. "ನಮಸ್ಕಾರ ಸರ್. ನಮ್ಮ ಸಂಸ್ಥೆಗೆ ತಮಗೆ ಸ್ವಾಗತ. ತಮಗೆ ಯಾವ ರೀತಿಯಲ್ಲಿ ಸಹಾಯ ಮಾಡಬಹುದು?"

ಅವರು ಹೊತ್ತ ಮೋಟರ್ ಸಮೇತ ಹಿಂದಕ್ಕೆ ಸರಿದು ಬೋರ್ಡ್ ನೋಡಿದರು. ಮತ್ತೆ ಒಳಗೆ ಇಣುಕಿದರು. "ಅಮ್ಮಾ, ನಾನು ಸಾಲ ಕೇಳಾಕೆ ಬಂದಿಲ್ಲ ಕಣಮ್ಮ" ಎಂದು ಹೇಳಿ ಮೋಟರನ್ನು ಪಕ್ಕದ ಅಂಗಡಿಗೆ ಒಯ್ದರು.

ಹರಕೆ

ಆ ಐವರಲ್ಲಿ ಒಬ್ಬಳು ಬೇಲೂರು ಕಡೆಯ ಹಗರೆಯವಳು. ಅವಳ ತಾಯಿ ಬೆಳಿಗ್ಗೆ ಜೀಪಿನಲ್ಲಿ ಬಿಕ್ಕೋಡಿನ ಕಾಫಿ ತೋಟಕ್ಕೆ ಕೂಲಿಗೆ ಹೋಗುವವರು. ಹುಡುಗಿಯ ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಕಲಿತು ಮುಗಿಸಿದವಳೇ ತನ್ನೂರಿನಲ್ಲೇ ಅಂಗಡಿ ಇಡುತ್ತೇನೆ ಎಂದು ಹಟ ಹಿಡಿದಳು. ತಾಯಿ ಒಂದೇ ಮಾತು ಹೇಳಿದರು. "ಯುಗಾದಿಗಂಟ ನೋಡ್ತೀನಿ. ನಡೀತಾ, ಸರಿ. ಇಲ್ದಿದ್ರೆ ಬಾಗಿಲು ಹಾಕಿ, ತೋರಿಸಿದ ಗಂಡಿನ ಮುಂದೆ ಕೂತ್ಕೋಬೇಕು."

ಅಂಗಡಿ ಪೂಜೆಗೆ ನಾನೂ ಹೋಗಿದ್ದೆ. ಊರಿಗೆ ಊರೇ ಬಂದಿತ್ತು. ಎಲ್ಲರೂ ಕೇಸರಿಬಾತ್ ತಿಂದರು, ಹುಡುಗಿಯ ಧೈರ್ಯ ಹೊಗಳಿದರು, ಕೈ ಒರೆಸಿಕೊಂಡರು. "ನಮ್ಮ ಮೋಟರ್ ಸುಟ್ರೆ ನಿಂಗೇ ತಂದ್ಕೊಡ್ತೀವಿ ಕಣವ್ವ" ಅಂದರು. ಆಮೇಲೆ ಹಗರೆಯಲ್ಲಿ ಒಂದು ಮೋಟರೂ ಸುಡಲಿಲ್ಲ. ಸುಟ್ಟರೂ ಅವಳವರೆಗೆ ಬರಲಿಲ್ಲ.

ಮಗಳಿಗೆ ಗಂಡು ನೋಡುತ್ತೇನೆ ಅಂದ ತಾಯಿಗೇ ಆ ಖಾಲಿ ಅಂಗಡಿ ನೋಡಲಾಗಲಿಲ್ಲ. ಒಂದು ಸಂಜೆ ನಾನು ಹೋದಾಗ ಅವರು ದೇವರ ಮುಂದೆ ದೀಪ ಹಚ್ಚಿ ಕಣ್ಣು ಮುಚ್ಚಿ ನಿಂತಿದ್ದರು.

"ಏನು ಕೇಳ್ಕೊಂಡ್ರಿ?" ಅಂದೆ.

"ಇನ್ನೇನು ಕೇಳ್ಲಿ ಅಕ್ಕಾ? ಊರೋರ ಮೋಟರ್ ಸುಡ್ಲಿ ಅಂತ."

ಮಗಳು ಒಳಗಿನಿಂದ ಕೂಗಿದಳು. "ಅಮ್ಮಾ, ಪಾಪ ಬತ್ತದೆ!"

"ನಿಮ್ಮ ದೊಡ್ಡಪ್ಪಂದು ಬುಟ್ಟು ಮಿಕ್ಕಿದೋರ್ದು ಅಂತ ಹೇಳಿವ್ನಿ ಸುಮ್ನಿರೇ."

ಅರಸೀಕೆರೆಯ ಕೆಲಸ

ದೇವರು ಕೇಳಿಸಿಕೊಂಡ. ಊರಿನ ಯಜಮಾನರೊಬ್ಬರ ಮೋಟರ್ ಸುಟ್ಟಿತು. ಅವರು ಅದನ್ನು ಗೋಣಿಚೀಲದಲ್ಲಿ ಸುತ್ತಿ, ಮೇಲೆ ಹುಲ್ಲು ಹೊದಿಸಿ, ಕದ್ದ ಮಾಲು ತಂದವರ ಹಾಗೆ ಹಿಂದಿನ ಬಾಗಿಲಿಗೆ ತಂದರು. ಗದ್ದೆಗೆ ನೀರು ತುರ್ತಾಗಿ ಬೇಕಿತ್ತು, ಪೇಟೆಗೆ ಹೋಗಿಬರಲು ಪುರುಸೊತ್ತಿರಲಿಲ್ಲ. "ಮಾಡ್ಕೊಡವ್ವ. ಆದ್ರೆ ಹೆಣ್ಮಗು ಕೈಲಿ ಮಾಡಿಸ್ದೆ ಅಂತ ಯಾರಿಗೂ ಗೊತ್ತಾಗಬಾರ್ದು."

ಅವಳು ಮಾಡಿಕೊಟ್ಟಳು. ಮೋಟರ್ ಚೆನ್ನಾಗಿ ಓಡಿತು. ಯಾರು ಮಾಡಿದ್ದು ಎಂದು ಜನ ಕೇಳಿದಾಗ ಯಜಮಾನರು "ಅರಸೀಕೆರೆಯಲ್ಲಿ ಒಬ್ರು ಅವ್ರೆ, ಏನು ಕೈ ಅಂತೀಯಾ!" ಎಂದು ನನ್ನ ಅಂಗಡಿಯ ಗುರುತು ಹೇಳಿ ಹೊಗಳಿಬಿಟ್ಟರು.

ಅಲ್ಲಿಗೆ ಶುರುವಾಯಿತು. ಹಗರೆಯ ಸುಟ್ಟ ಮೋಟರೆಲ್ಲ ಅವಳ ಅಂಗಡಿಯ ಮುಂದೆಯೇ ಹಾದು, ಹಳೇಬೀಡು, ಜಾವಗಲ್ ದಾಟಿ ಅರಸೀಕೆರೆಗೆ, ನನ್ನ ಅಂಗಡಿಗೆ ಬರತೊಡಗಿದವು. ಎಲ್ಲರದೂ ಒಂದೇ ಮಾತು. "ನಮ್ಮೂರ ಯಜಮಾನ್ರ ಮೋಟರ್ ಮಾಡಿದ್ರಲ್ಲ, ಅವರ ಕೈಲೇ ಮಾಡಿಸ್ಬೇಕು." ನಾನು "ಖಂಡಿತ ಅವರ ಕೈಲೇ ಮಾಡಿಸ್ತೀನಿ" ಅನ್ನುತ್ತಿದ್ದೆ. ಸುಳ್ಳು ಹೇಳುವ ಅಭ್ಯಾಸ ನನಗಿಲ್ಲ.

ಹಳೇಬೀಡಿನ ದೇವಸ್ಥಾನದ ಮುಂದೆ ಎಳನೀರು ಮಾರುವವನೊಬ್ಬ ದಿನಾ ನಮ್ಮ ಕಡೆಯಿಂದ ಕಾಯಿ ತುಂಬಿಕೊಂಡು ಹೋಗುತ್ತಿದ್ದ. ಅವನ ಗಾಡಿಯಲ್ಲಿ ಎಳನೀರಿನ ಜೊತೆ ಮೋಟರನ್ನೂ ಹಾಕಿ ಕಳಿಸುತ್ತಿದ್ದೆ. ಹಳೇಬೀಡಿನಿಂದ ಹಗರೆಗೆ ಆಟೋ. ಅವಳು ತಂತಿ ಸುತ್ತಿ ಅದೇ ದಾರಿಯಲ್ಲಿ ವಾಪಸ್ ಕಳಿಸಿದರೆ, ಹಗರೆಯವರು ಬಸ್ಸು ಹತ್ತಿ ಅರಸೀಕೆರೆಗೆ ಬಂದು ತಮ್ಮ ಮೋಟರನ್ನು ಮತ್ತೆ ಹಗರೆಗೆ ಹೊತ್ತುಕೊಂಡು ಹೋಗುತ್ತಿದ್ದರು. "ಏನೇ ಆಗ್ಲಿ, ಪೇಟೆ ಕೆಲಸ ಪೇಟೆ ಕೆಲಸವೇ" ಎಂದು ನನಗೇ ಹೇಳಿ ಹೋಗುತ್ತಿದ್ದರು.

ಎಳನೀರಿನವನು ಒಂದು ದಿನ ನಗುತ್ತಾ ಬಂದ. "ಅಕ್ಕಾ, ನಿನ್ನೆ ಒಬ್ರು ಟೂರಿಸ್ಟು ಗಾಡಿಯಲ್ಲಿದ್ದ ಮೋಟರ್ ನೋಡಿ, ಇದೂ ಇಲ್ಲೇ ನೆಲ ಅಗೆದಾಗ ಸಿಕ್ಕಿದ್ದಾ ಅಂತ ಕೇಳಿದ್ರು."

"ನೀನೇನಂದೆ?"

"ಫೋಟೋ ಹೊಡ್ಕಳಿ ಸಾರ್, ಮುಟ್ಬೇಡಿ ಅಂದೆ."

ಹೆಣ್ಣು ನೋಡಲು ಬಂದವರು

ಕೆಲಸವೇನೋ ಸಿಗುತ್ತಿತ್ತು, ಅಂಗಡಿಗೆ ಹೆಸರು ಬರಲಿಲ್ಲ. ಊರವರ ಕಣ್ಣಿಗೆ ಅದು ನೊಣ ಹೊಡೆಯುವ ಅಂಗಡಿಯೇ. ಯುಗಾದಿ ಹತ್ತಿರ ಬಂತು. ತಾಯಿ ಮಾತಿಗೆ ತಪ್ಪಲಿಲ್ಲ. ಬಿಕ್ಕೋಡು ಕಡೆಯ ಒಂದು ಮನೆಯವರನ್ನು ಹೆಣ್ಣು ನೋಡಲು ಕರೆಸಿದರು. ಸ್ವಂತ ಕಾಫಿ ತೋಟ, ಸ್ವಂತ ಜೀಪು. ಹುಡುಗಿ ನನಗೆ ಫೋನ್ ಮಾಡಿ "ಅಕ್ಕಾ, ನೀವೂ ಬನ್ನಿ. ನಾನು ಏನಾದ್ರೂ ಅಂದ್ಬಿಟ್ರೆ ಅಮ್ಮನ್ನ ಹಿಡ್ಕೊಳ್ಳೋಕೆ ಒಬ್ರು ಬೇಕು" ಅಂದಳು.

ಜೀಪು ಬಂತು. ಅಪ್ಪ, ಅಮ್ಮ, ಹುಡುಗ ಇಳಿದರು. ಹೂವು, ಹಣ್ಣು ಇಳಿಯಿತು. ಹಿಂದಿನ ಸೀಟಿನಲ್ಲಿ ಇನ್ನೇನೋ ಕೂತಿತ್ತು, ಅದನ್ನು ಇಳಿಸಲಿಲ್ಲ.

"ಹುಡುಗಿ ಏನು ಮಾಡ್ಕೊಂಡವ್ಳೆ?" ಹುಡುಗನ ಅಪ್ಪ ಕೇಳಿದರು.

"ಟೈಲರಿಂಗು" ಅಂದರು ತಾಯಿ, ನನ್ನ ಮುಖ ನೋಡದೆ.

ಆಮೇಲೆ ಹುಡುಗನ ಅಪ್ಪನ ಕಣ್ಣು ನನ್ನ ಮೇಲೆ ಬಿತ್ತು. ಅರಸೀಕೆರೆಯವಳು ಅಂದದ್ದೇ ತಡ, ಹುಡುಗಿಯನ್ನು ಮರೆತು ನನ್ನ ಕಡೆ ತಿರುಗಿ ಕೂತರು. "ಒಳ್ಳೇದಾಯ್ತು ಬಿಡಿ. ಅಲ್ಲಿ ಯಾರೋ ಮೋಟರನ್ನ ಬಲು ಚೆಂದಾಗಿ ಮಾಡ್ತಾರಂತೆ, ಇದೇ ಊರಿನ ಯಜಮಾನ್ರು ಹೇಳಿದ್ರು. ನಮ್ಮದು ಸುಟ್ಟು ಕೂತೈತೆ. ಕಾಫಿ ಹೂವಿಗೆ ನೀರು ಹೊಡೆಯೋ ಹೊತ್ತು, ಈಗ ತಪ್ಪಿದ್ರೆ ಈ ವರ್ಷದ ಬೆಳೆಯೇ ಇಲ್ಲ. ಮೋಟರ್ ಜೀಪಲ್ಲೇ ಐತೆ. ಹೆಣ್ಣು ನೋಡ್ಕೊಂಡು ಹಂಗೇ ಅರಸೀಕೆರೆಗೆ ಹೋಗಾನ ಅಂತ."

"ಅಷ್ಟು ದೂರ ಯಾಕೆ? ಆ ಮೋಟರ್ ಮಾಡಿದವಳು ಇಲ್ಲೇ ಇದ್ದಾಳೆ" ಅಂದೆ. ಕಾಫಿ ತಟ್ಟೆ ಹಿಡಿದು ಬರುತ್ತಿದ್ದ ಹುಡುಗಿಯನ್ನು ತೋರಿಸಿದೆ.

ತಾಯಿ ಸೆರಗಿನಿಂದ ಮುಖ ಮುಚ್ಚಿಕೊಂಡರು. ಮೊದಲು ಬಾಯಿ ಬಿಟ್ಟವನು ಹುಡುಗ. "ಮದುವೆ ಆದ್ಮೇಲೆ ಇದನ್ನೆಲ್ಲ ಬಿಡಬೇಕಾಗುತ್ತೆ."

"ಬಿಡೋದು ಆಮ್ಯಾಕೆ ಕಣ್ಲಾ, ಮೊದ್ಲು ಮೋಟರ್ ಆಗ್ಲಿ!" ಅಂದರು ಅಪ್ಪ.

ಹುಡುಗಿ ತಟ್ಟೆಯನ್ನು ನನ್ನ ಕೈಗೆ ಕೊಟ್ಟು ರೇಷ್ಮೆ ಸೀರೆಯಲ್ಲೇ ಜೀಪಿನ ಹತ್ತಿರ ಹೋದಳು. ಮೋಟರಿನ ಮೇಲೆ ಬಗ್ಗಿ ವಾಸನೆ ನೋಡಿದಳು, ಶಾಫ್ಟ್ ತಿರುಗಿಸಿ ನೋಡಿದಳು, ಒಳಗೆ ಬಂದಳು.

"ನಾಳಿದ್ದು ಕೊಡ್ತೀನಿ. ಮೋಟರ್ ಬಿಟ್ಟು ಹೋಗಿ" ಅಂದಳು. ಹುಡುಗನನ್ನು ಒಂದು ಸಲ ನೋಡಿದಳು. "ಇವರನ್ನ ಕರ್ಕೊಂಡು ಹೋಗಿ."

ನಾನು ಒಂದು ಕೈಯಲ್ಲಿ ತಟ್ಟೆ, ಇನ್ನೊಂದರಲ್ಲಿ ಅವಳ ತಾಯಿಯನ್ನು ಹಿಡಿದುಕೊಂಡೆ. ಹುಡುಗನ ಅಪ್ಪ ಮಗನ ಮುಖ ನೋಡಿದರು, ಜೀಪಿನ ಕಡೆ ನೋಡಿದರು. ತೋಟ ಗೆದ್ದಿತು.

"ಗ್ಯಾರಂಟಿ ಐತಾ?"

"ಮೋಟರಿಗೆ ಐತೆ" ಅಂದಳು.

ಹೆಣ್ಣು ಬೇಡ ಅಂದಳು ಎಂದು ಬಿಕ್ಕೋಡಿನಲ್ಲಿ ಹೇಳಿಕೊಳ್ಳುವುದಕ್ಕಾಗುತ್ತದೆಯೇ? ಮೂವರೂ ಮೈತುಂಬ ಅಲಂಕಾರ ಮಾಡಿಕೊಂಡು ಹಗರೆಗೆ ಹೋಗಿದ್ದೇಕೆ ಎಂದು ಕೇಳಿದವರಿಗೆಲ್ಲ ಅವರು "ಮೋಟರ್ ರಿಪೇರಿಗೆ" ಎಂದೇ ಹೇಳಿದರು. ನಂಬಲಿ ಎಂದು ಅಂಗಡಿಯನ್ನು ಒಂದಕ್ಕೆರಡು ಹೊಗಳಿದರು. ಆ ವಾರ ಬಿಕ್ಕೋಡಿನ ಜೀಪುಗಳು ಹಗರೆಯಲ್ಲಿ ಸಾಲಾಗಿ ನಿಂತವು. ಅದನ್ನು ನೋಡಿ ಹಗರೆಯ ಆ ಯಜಮಾನರು "ಮೊದ್ಲು ಮಾಡಿಸ್ದೋನು ನಾನು ಕಣ್ರಯ್ಯಾ" ಎಂದು ರಸ್ತೆಯಲ್ಲಿ ನಿಂತು ಕೂಗಿದರು. ಯುಗಾದಿಯ ದಿನ ತಾಯಿ ಅಂಗಡಿಯ ಬಾಗಿಲಿಗೆ ತೋರಣ ಕಟ್ಟಿದರು. ಗಂಡಿನ ಸುದ್ದಿ ಎತ್ತಲಿಲ್ಲ.

ಈಗ ನನ್ನದು ಅಂತ ಅರಸೀಕೆರೆಯಲ್ಲಿ ಸ್ವಂತ ಅಂಗಡಿ ಇದೆ, ತಂತಿ ಸುತ್ತುವ ಯಂತ್ರ ಎರಡಿವೆ, ಒಂದು ಬೀರು ತುಂಬ ಪುಸ್ತಕವಿದೆ. ಇದಕ್ಕೆ ತೆತ್ತದ್ದು ಬೆರಳಿನ ಉಗುರು, ಸೊಂಟ, ತಂತಿಗೆ ಬಳಿದೂ ಬಳಿದೂ ಮೈಗೆ ಅಂಟಿದ ವಾರ್ನಿಶ್ ವಾಸನೆಗೆ ಮದುವೆ ಪಂಕ್ತಿಯಲ್ಲಿ ಪಕ್ಕದವರು ಎದ್ದು ಹೋದದ್ದು, ಮತ್ತು ಹಗರೆ, ಬಿಕ್ಕೋಡು, ಬೇಲೂರಿನ ಅಷ್ಟೂ ಗಿರಾಕಿಗಳು. ಅವರೆಲ್ಲ ಈಗ ಆ ಹುಡುಗಿಯ ಪಾಲು. ಕಲಿಸುವಾಗ ಸ್ವಲ್ಪ ಕಡಿಮೆ ಕಲಿಸಬಹುದಿತ್ತು.