ಎಳ್ಳು ತಿನ್ನದ ಸೊಸೆ

ನಮ್ಮ ಮನೆಯಲ್ಲಿ ನನಗೆ ಏನೇ ಆದರೂ ಅದರ ಕಾರಣ ನನ್ನೊಬ್ಬಳನ್ನು ಬಿಟ್ಟು ಬೀದಿಗೆಲ್ಲ ಗೊತ್ತಿರುತ್ತದೆ. ತಲೆ ನೋವು ಬಂದರೆ ಸೆರಗು ಹೊದೆಯದೆ ಬಿಸಿಲಿಗೆ ಹೋಗಿದ್ದೆನಂತೆ. ಸೊಂಟ ಹಿಡಿದರೆ ತವರಿನಲ್ಲಿ ಕೆಲಸ ಕಲಿಸಿಲ್ಲವಂತೆ. ಎಳ್ಳು ನನ್ನ ಮೈಗೆ ಆಗುವುದಿಲ್ಲ ಅನ್ನುವ ಒಂದೇ ಒಂದು ಕಾರಣವನ್ನು ನಾನಾಗಿ ಕಂಡುಹಿಡಿದೆ. ಅದನ್ನು ಮಾತ್ರ ಯಾರೂ ನಂಬಲಿಲ್ಲ. ಅವರನ್ನು ನಂಬಿಸುವ ಹೊತ್ತಿಗೆ ನಾನು ಸಾಯುವುದೊಂದು ಬಾಕಿ ಇತ್ತು.

ದೃಷ್ಟಿ

ಪಾಂಡವಪುರದ ನಮ್ಮ ಬೀದಿಯಲ್ಲಿ ಸಂಕ್ರಾಂತಿ ಬಂತೆಂದರೆ ಮನೆಮನೆಯಿಂದ ಎಳ್ಳು ಬೀರಲು ಬರುತ್ತಾರೆ. ಎಳ್ಳು, ಬೆಲ್ಲ, ಕೊಬ್ಬರಿ ಬೆರೆಸಿದ್ದನ್ನು ಕೈಗೆ ಹಾಕಿ "ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡು" ಅನ್ನುತ್ತಾರೆ. ಆ ವರ್ಷ ನನ್ನ ಮಗಳು ಇನ್ನೂ ಅಂಬೆಗಾಲಿಡುತ್ತಿದ್ದಳು. ಅವಳನ್ನು ಕಂಕುಳಲ್ಲಿಟ್ಟುಕೊಂಡು, ಮನೆಗೆ ಬಂದ ಎಳ್ಳನ್ನೆಲ್ಲ ತಿಂದೆ. ಕೆ.ಆರ್. ಪೇಟೆಯ ತವರಿನಲ್ಲಿ ಚಿಕ್ಕಂದಿನಿಂದ ಹಿಡಿ ಹಿಡಿ ಮುಕ್ಕಿದವಳು ನಾನು, ಏನೂ ಆಗಿರಲಿಲ್ಲ.

ಸ್ವಲ್ಪ ಹೊತ್ತಿಗೆ ಅಂಗೈ ತುರಿಸಿತು. ಕಿವಿ ಬಿಸಿಯಾಯಿತು. ಮೈಮೇಲೆ ಗಂದೆ ಎದ್ದು ತುಟಿ ಊದಿತು. ಕನ್ನಡಿಯಲ್ಲಿ ಬೇರೆ ಯಾರೋ ನನ್ನ ಬೊಟ್ಟು ಇಟ್ಟುಕೊಂಡು ನಿಂತಿದ್ದರು.

ಅತ್ತೆ ನೋಡಿದ ಕೂಡಲೇ ತೀರ್ಪು ಕೊಟ್ಟರು. ಹೊಸ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದಕ್ಕೆ ದೃಷ್ಟಿ ಆಗಿದೆ. ಮೆಣಸಿನಕಾಯಿ, ಉಪ್ಪು ನಿವಾಳಿಸಿ ಒಲೆಗೆ ಹಾಕಿದರು. ದೃಷ್ಟಿಯಾಗಿದ್ದರೆ ಘಾಟು ಬರಬಾರದು, ಅದು ಲೆಕ್ಕ. ಬಂದ ಘಾಟಿಗೆ ನಾನು ಕೆಮ್ಮಿದೆ, ಮಗು ಕೆಮ್ಮಿತು, ಯಜಮಾನರು ಹಿತ್ತಲಿಗೆ ಓಡಿದರು, ಎದುರುಮನೆಯ ಅಕ್ಕ ಏನು ಸುಡ್ತಿದ್ದೀರಿ ಅಂತ ಕೆಮ್ಮುತ್ತಲೇ ಬಂದಳು. ಇಷ್ಟು ಘಾಟು ಬಂತಲ್ಲ, ಹಾಗಾದರೆ ದೃಷ್ಟಿ ಅಲ್ಲವಲ್ಲ ಅಂದೆ.

"ಮೆಣಸಿನಕಾಯಿ ಕೈಲೂ ತಡ್ಕಳಕಾಗ್ನಿಲ್ಲ ನೋಡು," ಅಂದರು ಅತ್ತೆ. "ಅಂತಾ ಕೆಟ್ಟ ದೃಷ್ಟಿ."

ಆಮೇಲೆ ಪಿತ್ತದ ಗಂದೆಗೆ ಕರಿ ಕಂಬಳಿಯೇ ಮದ್ದು ಅಂತ ಕಂಬಳಿಯಲ್ಲಿ ಮೈಯೆಲ್ಲ ಉಜ್ಜಿದರು. ಬೆಳಿಗ್ಗೆ ಗಂದೆ ಇಳಿದಿತ್ತು. ಕಂಬಳಿ ಉಜ್ಜಿದ ಗಾಯ ಮಾತ್ರ ವಾರವಾದರೂ ಇಳಿಯಲಿಲ್ಲ.

ನಂಜು

ದೃಷ್ಟಿ ತೆಗೆದ ಮೇಲೂ ಸೊಸೆ ಸಪ್ಪಗಿದ್ದಾಳೆ ಅಂತ ಅತ್ತೆ ಕಾರಣ ಬದಲಾಯಿಸಿದರು. ಬಾಣಂತನದ ನಂಜು ಮೈಯಲ್ಲಿ ಉಳಿದಿದೆಯಂತೆ. ಬದನೆಕಾಯಿ ಬಂದ್, ಕುಂಬಳಕಾಯಿ ಬಂದ್, ಆಲೂಗಡ್ಡೆ ಬಂದ್, ಮೀನಿನ ಹೆಸರೆತ್ತುವಂತಿಲ್ಲ. ಮುದ್ದೆ, ಮೆಣಸಿನ ಸಾರು ಉಂಡು ಉಂಡು ನನಗೆ ಊಟದ ಹೊತ್ತಾದರೆ ಅಳು ಬರುತ್ತಿತ್ತು. ಎದುರಿಗೇ ಕೂತು ಮೀನು ಸಾರು ಉಣ್ಣುವ ಯಜಮಾನರು ಪಥ್ಯ ಒಳ್ಳೇದು ಕಣೆ ಅನ್ನುತ್ತಿದ್ದರು.

ಹೀಗೆ ನಾನು ಸೊರಗಿದ್ದನ್ನು ನೋಡಿ ಕೊನೆಗೆ ಅತ್ತೆಗೇ ಕರುಳು ಚುರುಕ್ಕೆಂದಿತು. ಎಳ್ಳು, ಬೆಲ್ಲ ಕುಟ್ಟಿ ಚಿಗಳಿ ಉಂಡೆ ಕಟ್ಟಿದರು. ತಿನ್ನವ್ವ, ಮೈಗೆ ಬಲ ಬತ್ತದೆ ಅಂತ ಅವರೇ ಕೈಯಾರೆ ಕೊಟ್ಟರು. ತಿಂದು ಪಾತ್ರೆ ಬೆಳಗಲು ಕೂತೆ. ಬೆಳಗಿ ಮುಗಿಯಲಿಲ್ಲ, ಗಂದೆ ಎದ್ದಿತು, ತುಟಿ ಊದಿತು, ವಾಂತಿಯೂ ಆಯಿತು.

ಅತ್ತೆ ಕದ್ದು ಏನು ತಿಂದೆ ಅಂತ ಕೇಳಿದರು. ನಾನು ಚಿಗಳಿ ಅಂದೆ. ಅದು ಬಿಟ್ಟು ಏನು ತಿಂದೆ ಅಂದರು. ಅಡುಗೆಮನೆಯ ಮಡಕೆಯನ್ನೆಲ್ಲ ತೆಗೆದು ನೋಡಿದರು. ಕೊನೆಗೆ ಹಿತ್ತಲ ತಿಪ್ಪೆಯಲ್ಲಿ ಒಂದು ಬದನೆಕಾಯಿ ತೊಟ್ಟು ಸಿಕ್ಕಿತು. ಆ ತಿಪ್ಪೆಗೆ ಅಕ್ಕಪಕ್ಕದ ಮನೆಯವರೆಲ್ಲ ಕಸ ಹಾಕುತ್ತಾರೆ, ಆದರೂ ತೊಟ್ಟು ನನ್ನದೇ ಆಯಿತು. ನನ್ನ ಸೆರಗಿಗೆ ಚಿಗಳಿ ಇನ್ನೂ ಅಂಟಿಕೊಂಡಿತ್ತು, ಅದನ್ನು ಮಾತ್ರ ಯಾರೂ ನೋಡಲಿಲ್ಲ.

ಆವತ್ತು ನನಗೆ ಹೊಳೆಯಿತು. ಸಂಕ್ರಾಂತಿಯಲ್ಲೂ ಎಳ್ಳು, ಈವತ್ತೂ ಎಳ್ಳು. ಎಳ್ಳು ನನಗೆ ಆಗುತ್ತಿಲ್ಲ ಅಂತ ಗಟ್ಟಿಯಾಗಿ ಹೇಳಿದೆ.

"ಉಟ್ಟಿದಾಗಿಂದ ತಿಂದೋಳಿಗೆ ಈಗೆಂಗೆ ಆಗಾಕಿಲ್ಲ?" ಅಂದರು ಅತ್ತೆ. "ಅತ್ತನೇ ಕ್ಲಾಸು ಓದುದ್ರೆ ಇಂಗೇಯ. ನಾನು ಓದಿಲ್ಲ, ನಂಗೆ ಎಲ್ಲಾ ಆಯ್ತದೆ."

ಪ್ರಸಾದ

ಶ್ರಾವಣದಲ್ಲಿ ಮನೆಯವರೆಲ್ಲ ಮೇಲುಕೋಟೆಗೆ ಹೋದೆವು. ದರ್ಶನ ಮುಗಿಯಿತು, ಪುಳಿಯೋಗರೆ ಬಂತು. ಅದಕ್ಕೆ ಎಳ್ಳು ಹುರಿದು ಪುಡಿ ಮಾಡಿ ಹಾಕುತ್ತಾರೆ ಅಂತ ಗೊತ್ತಿತ್ತು, ಬೇಡ ಅಂದೆ. ಯಜಮಾನರು ನಕ್ಕರು. ಪೂಜೆಯಾದ ಮೇಲೆ ಎಳ್ಳು ಎಳ್ಳಾಗಿರುವುದಿಲ್ಲವಂತೆ, ಪ್ರಸಾದ ಆಗಿರುತ್ತದಂತೆ. ಅತ್ತೆ ಕಣ್ಣಲ್ಲೇ ಗದರಿದರು. ದೇವರಿಗೆ ಹೆದರಿ ಅಂತ ಹೇಳಿದರೆ ಸುಳ್ಳಾದೀತು, ಅತ್ತೆಗೆ ಹೆದರಿ ಎರಡು ತುತ್ತು ತಿಂದೆ.

ಪಾಂಡವಪುರದ ಬಸ್ಸು ಬೆಟ್ಟ ಇಳಿಯುವಷ್ಟರಲ್ಲಿ ಗಂಟಲು ಬಿಗಿಯಿತು. ಈ ಸಲದ್ದು ಬರೀ ಗಂದೆ ಅಲ್ಲ. ಉಸಿರು ಒಳಗೆ ಹೋಗಲು ಜಾಗ ಹುಡುಕುತ್ತಿತ್ತು. ಕಣ್ಣು ಊದಿ ಕೆಂಪಾಯಿತು, ದನಿ ಗಂಡಸಿನ ದನಿ ಆಯಿತು, ತಲೆ ತಿರುಗಿ ಕೂತಲ್ಲೇ ತೂಗಾಡಿದೆ, ಕೆರೆದುಕೊಂಡ ರಭಸಕ್ಕೆ ಜಡೆ ಬಿಚ್ಚಿತು.

ಮುಂದಿನ ಸೀಟಿನ ಅಜ್ಜಿ ಹಿಂದಕ್ಕೆ ತಿರುಗಿದಳು. "ಮೈಮೇಲೆ ಅಮ್ಮ ಬಂದವ್ಳೆ, ಕೈ ಮುಗೀರ್ಲಾ," ಅಂದಳು.

ಬಸ್ಸಿಗೆ ಬಸ್ಸೇ ಎದ್ದು ನಿಂತಿತು. ಯಾರೋ ಹಣೆಗೆ ಕುಂಕುಮ ಮೆತ್ತಿದರು. ಒಬ್ಬಾಕೆ ನನ್ನ ಕಾಲು ಹಿಡಿದು ಮಗಳಿಗೆ ಎಂಥಾ ಗಂಡು ಸಿಗುತ್ತದೆ ಅಂತ ಕೇಳಿದಳು. ಇದ್ದಬದ್ದ ಉಸಿರನ್ನೆಲ್ಲ ಸೇರಿಸಿ "ಆಸ್ಪತ್ರೆ" ಅಂದೆ.

"ಆಸ್ಪತ್ರೇಲಿ ಕೆಲ್ಸ ಮಾಡೋ ಗಂಡಂತೆ ಕಣವ್ವ," ಅಂತ ಆಕೆ ಪಕ್ಕದವಳಿಗೆ ಹೇಳಿದಳು.

ನಾನು ಸಾಯುತ್ತಿದ್ದೇನೆ, ಇವರಿಗೆ ಸರ್ಕಾರಿ ಕೆಲಸದ ಅಳಿಯ ಬೇಕು. ತಿರುಗಿ ನೋಡಿದರೆ ನಮ್ಮತ್ತೆಯೂ ಕೈ ಮುಗಿದಿದ್ದರು. ನಾನು ಆ ಮನೆಗೆ ಕಾಲಿಟ್ಟ ಮೇಲೆ ಅವರು ನನಗೆ ಕೈ ಮುಗಿದದ್ದು ಅದೊಂದೇ ಸಲ, ಅದೂ ನನಗಲ್ಲ.

ಯಜಮಾನರು ಆವತ್ತೊಂದು ಒಳ್ಳೆ ಕೆಲಸ ಮಾಡಿದರು. ನನ್ನ ತುಟಿ ನೀಲಿಯಾಗಿದ್ದನ್ನು ನೋಡಿ ಡ್ರೈವರ್ ಹತ್ತಿರ ಓಡಿದರು. ಆತ ಪುಣ್ಯಾತ್ಮ, ನಡುವೆ ಎಲ್ಲೂ ನಿಲ್ಲಿಸದೆ ಬಸ್ಸನ್ನು ಆಸ್ಪತ್ರೆ ಬಾಗಿಲಿಗೇ ತಂದ. ಲೇಡಿ ಡಾಕ್ಟರು ನನ್ನನ್ನು ಅಂಗಾತ ಮಲಗಿಸಿ, ಕಾಲಿನ ಕೆಳಗೆ ದಿಂಬಿಟ್ಟು, ಮಾತಿಗೆ ಮುಂಚೆ ತೊಡೆಗೆ ಇಂಜೆಕ್ಷನ್ ಚುಚ್ಚಿದರು. ಸ್ವಲ್ಪ ಹೊತ್ತಿಗೆ ಉಸಿರು ದಾರಿ ಕಂಡುಕೊಂಡಿತು. ಆದರೂ ಆವತ್ತು ಮನೆಗೆ ಕಳಿಸಲಿಲ್ಲ, ಇಳಿದದ್ದು ಮತ್ತೆ ಏರಬಹುದು ಅಂತ ಅಲ್ಲೇ ಇಟ್ಟುಕೊಂಡರು.

ಆಮೇಲೆ ಅವರು ಯಜಮಾನರನ್ನೂ ಅತ್ತೆಯನ್ನೂ ನಿಲ್ಲಿಸಿಕೊಂಡು ಹೇಳಿದರು. ಇದಕ್ಕೆ ಅಲರ್ಜಿ ಅನ್ನುತ್ತಾರೆ. ಜೀವಮಾನವೆಲ್ಲ ತಿಂದ ಪದಾರ್ಥವೇ ದೊಡ್ಡವರಾದ ಮೇಲೆ ಒಂದು ದಿನ ಆಗದೆ ಹೋಗಬಹುದು. ಒಂದೊಂದು ಸಲ ಮೊದಲಿಗಿಂತ ಜೋರಾಗಿ ಬರಬಹುದು. ಎಳ್ಳು ಚಿಟಿಕೆಯೂ ಬೇಡ. ಗಂಟಲು ಬಿಗಿದರೆ, ಉಸಿರು ಕಟ್ಟಿದರೆ, ತಲೆ ಸುತ್ತಿದರೆ ನಡೆಸಬೇಡಿ, ಮಲಗಿಸಿ. ಮಲಗಿದರೆ ಉಸಿರು ಕಷ್ಟ ಅಂದರೆ ಒರಗಿಸಿ ಕೂರಿಸಿ. ಇಳಿಯುತ್ತದೇನೋ ಅಂತ ಕಾಯದೆ ಕರೆದುಕೊಂಡು ಬನ್ನಿ.

ಪ್ರಸಾದವೂ ಆಗುವುದಿಲ್ಲವಾ ಅಂತ ಅತ್ತೆ ಕೇಳಿದರು.

"ಅದು ಪ್ರಸಾದ ಅಂತ ಹೊಟ್ಟೆಗೆ ಗೊತ್ತಾಗಲ್ಲಮ್ಮ," ಅಂದರು ಡಾಕ್ಟರು.

ಹೊರಗೆ ಬಂದ ಮೇಲೆ ಅತ್ತೆ ಒಂದೇ ಮಾತು ಹೇಳಿದರು, ಆ ಡಾಕ್ಟರಿಗೆ ಭಕ್ತಿ ಸಾಲದು ಅಂತ.

ಒಳ್ಳೆ ಮಾತು

ಮತ್ತೆ ಸಂಕ್ರಾಂತಿ ಬಂತು. ನಾನು ಕಬ್ಬು ಇಟ್ಟುಕೊಂಡೆ, ಸಕ್ಕರೆ ಅಚ್ಚು ಇಟ್ಟುಕೊಂಡೆ, ಎಳ್ಳನ್ನು ಕೈಮುಗಿದು ವಾಪಸ್ಸು ಕೊಟ್ಟೆ. ಎದುರುಮನೆಯ ಅಕ್ಕನ ಮುಖ ಸಣ್ಣಗಾಯಿತು. "ಯಾಕವ್ವ, ನಮ್ ಜೊತೆ ಒಳ್ಳೆ ಮಾತಾಡಕೆ ಇಷ್ಟ ಇಲ್ವಾ?" ಅಂದಳು.

"ಉಸ್ರಾಡಕೆ ಇಷ್ಟ ಕಣಕ್ಕ, ಮಾತು ಆಮೇಲೆ," ಅಂದೆ.

ಅಷ್ಟೇ ಅಂದದ್ದು. ಹೊತ್ತು ಮುಳುಗುವಷ್ಟರಲ್ಲಿ ನಾನು ಬೀದಿಗೆಲ್ಲ ವೈರಿಯಾಗಿದ್ದೆ. ಎಳ್ಳು ಒಲ್ಲೆ ಅಂದವಳು ನಾಳೆ ಅರಿಶಿನ ಕುಂಕುಮವನ್ನೂ ಒಲ್ಲೆ ಅನ್ನುತ್ತಾಳೆ ಅಂತ ನಲ್ಲಿಯ ಹತ್ತಿರ ಮಾತಾಯಿತು. ನನ್ನ ನಾಲಿಗೆ ಯಾಕಿಷ್ಟು ಚೂಪು ಅಂತ ಅವರಿಗೆ ಬಹಳ ದಿನದಿಂದ ಯೋಚನೆಯಿತ್ತು. ಈಗ ಕಾರಣ ಸಿಕ್ಕಿತು: ಎಳ್ಳು ತಿನ್ನುವುದಿಲ್ಲವಲ್ಲ, ಇನ್ನೆಂಗೆ ಒಳ್ಳೆ ಮಾತು ಬಂದೀತು.

ಪರೀಕ್ಷೆ

ನಾಗಮಂಗಲದಲ್ಲಿ ಯಜಮಾನರ ಅಕ್ಕನ ಮನೆ. ಊಟಕ್ಕೆ ಕರೆದಳು, ಅತ್ತೆಯ ಜೊತೆ ಹೋದೆವು. ಬದನೆಕಾಯಿ ಎಣ್ಣೆಗಾಯಿ ಮಾಡಿದ್ದಳು. ಎಳ್ಳು ಹಾಕಿದ್ದೀರಾ ಅಂತ ಕೇಳಿದೆ. ಇಲ್ಲ ಕಣೆ, ಬರೀ ಕಡ್ಲೇಬೀಜ ಅಂದಳು. ನಂಬಿ ಉಂಡೆ. ಉಣ್ಣುವಾಗಲೇ ಅನುಮಾನ ಬರಬೇಕಿತ್ತು. ಅತ್ತಿಗೆ ತನ್ನ ಎಲೆ ನೋಡಿಕೊಳ್ಳುತ್ತಿರಲಿಲ್ಲ, ನನ್ನ ತುಟಿ ನೋಡುತ್ತಿದ್ದಳು.

ತುಟಿ ಅವಳನ್ನು ನಿರಾಸೆ ಮಾಡಲಿಲ್ಲ. ಗಂಟಲು ಬಿಗಿದು ಕೈತುತ್ತು ಎಲೆಯಲ್ಲೇ ಬಿತ್ತು.

ಆಗ ಅತ್ತೆ ಎದ್ದರು. ಮೆಣಸಿನಕಾಯಿ ಕೇಳಲಿಲ್ಲ, ಕಂಬಳಿ ಕೇಳಲಿಲ್ಲ. ಇವಳನ್ನು ನಡೆಸಬೇಡ, ಅಂಗಾತ ಮಲಗಿಸು, ಕಾಲೆತ್ತಿ ಇಡು, ಆಟೋ ಕರಿ ಅಂತ ಮಗನಿಗೆ ಒಂದರ ಹಿಂದೆ ಒಂದು ಹೇಳಿದರು. ಭಕ್ತಿ ಸಾಲದ ಡಾಕ್ಟರ ಮಾತು ಒಂದಕ್ಷರ ಬಿಡದೆ ಅವರ ತಲೆಯಲ್ಲಿತ್ತು. ಆಸ್ಪತ್ರೆಯಲ್ಲಿ ಯಾರೂ ಬಾಯಿ ತೆರೆಯುವ ಮೊದಲೇ ಎಳ್ಳು, ಉಸಿರು, ಇಂಜೆಕ್ಷನ್ ಅಂತ ಮೂರು ಮಾತಲ್ಲಿ ಮುಗಿಸಿದರು.

ನಾನು ಉಳಿದೆ. ಅತ್ತಿಗೆ ಮಂಚದ ಪಕ್ಕ ನಿಂತು ಅತ್ತಳು. ಒಂದೇ ಚಿಟಿಕೆ ಹಾಕಿದ್ದಂತೆ. ನಿಜವೋ ನಾಟಕವೋ ಸುಮ್ಮನೆ ನೋಡೋಣ ಅಂತ ಹಾಕಿದ್ದಂತೆ. ಸುಮ್ಮನೆ! ನನ್ನ ಮಗಳಿಗೆ ತಾಯಿ ಇರುತ್ತಾಳೋ ಇಲ್ಲವೋ ಅನ್ನುವುದು ಇವಳಿಗೆ ಸುಮ್ಮನೆ ನೋಡುವ ವಿಷಯ. ನನ್ನ ಹೊಟ್ಟೆಯೊಳಗೆ ಬೈಗುಳ ಸಾಲುಗಟ್ಟಿ ನಿಂತಿದ್ದವು, ದನಿ ಮಾತ್ರ ಹೊರಡಲಿಲ್ಲ.

"ನೋಡಕೆ ಇವ್ಳೇನು ಸಿನಿಮಾನಾ?" ಅಂತ ಅತ್ತೆ ಶುರು ಮಾಡಿದರು. ಹೆತ್ತ ಮಗಳು ಅಂತ ನೋಡದೆ, ವಾರ್ಡಿನಲ್ಲಿದ್ದವರೆಲ್ಲ ಎದ್ದು ಕೂರುವ ಹಾಗೆ ಬೈದರು. ನಾನು ಸಾಲುಗಟ್ಟಿಸಿ ಇಟ್ಟುಕೊಂಡಿದ್ದವನ್ನೆಲ್ಲ ಬೈದು, ಮೇಲೆ ನನಗೆ ಗೊತ್ತೇ ಇಲ್ಲದವನ್ನೂ ಬೈದರು. ಹತ್ತನೇ ಕ್ಲಾಸು ಓದಿದ್ದೇನೆ ಅನ್ನುವ ಜಂಬ ನನಗೆ ಆವತ್ತೇ ಇಳಿಯಿತು.

ಬಾಗಿಲಲ್ಲಿ ಅತ್ತೆ

ಆವತ್ತಿನಿಂದ ಅತ್ತೆಯನ್ನು ಹಿಡಿಯುವವರಿಲ್ಲ. ಮದುವೆ ಮನೆಗೆ ಹೋದರೆ ಹೆಣ್ಣು ಗಂಡನ್ನು ಆಮೇಲೆ ನೋಡುತ್ತಾರೆ, ಮೊದಲು ಅಡುಗೆಯವನ ಹತ್ತಿರ ಹೋಗುತ್ತಾರೆ. ಬೆಳ್ಳೂರು ಕ್ರಾಸಿನ ಹೋಟೆಲಿನಲ್ಲಿ ಚಟ್ನಿಗೆ ಏನೇನು ರುಬ್ಬಿದ್ದೀಯ ಅಂತ ಕೇಳಿ ಕೇಳಿ, ಕೊನೆಗೆ ಆ ಸಪ್ಲೈಯರ್ ನಮ್ಮ ಮೇಜಿನ ಕಡೆಗೇ ಬರಲಿಲ್ಲ. ಇಷ್ಟರ ಮೇಲೂ ಒಂದು ದಿನ ತಪ್ಪಾಯಿತು ಅಂದಿದ್ದಾರಾ? ಇಲ್ಲ. ಎಳ್ಳು ಆಗುವುದಿಲ್ಲ ಅಂತ ಮೊದಲೇ ತನಗೆ ಗೊತ್ತಿತ್ತು, ಇವಳೇ ಮಾತು ಕೇಳಲಿಲ್ಲ ಅಂತ ನನ್ನೆದುರಿಗೇ ಹೇಳುತ್ತಾರೆ.

ಮೂರನೇ ಸಂಕ್ರಾಂತಿಗೆ ಬೆಳಿಗ್ಗೆಯೇ ಜಗುಲಿಯ ಮೇಲೆ ಕಾಲು ಚಾಚಿ ಕೂತರು. ನಮ್ಮ ತಟ್ಟೆಯಲ್ಲಿ ಬರೀ ಕಬ್ಬು, ಹುರಿಗಡಲೆ, ಸಕ್ಕರೆ ಅಚ್ಚು. ಎಳ್ಳಿನ ತಟ್ಟೆ ಹಿಡಿದು ಬಂದವರಿಗೆಲ್ಲ ಹೊಸ್ತಿಲಿನಿಂದಾಚೆಗೇ ಕುಂಕುಮ ಕೊಟ್ಟು ಕಳಿಸಿದರು. ಎದುರುಮನೆಯ ಅಕ್ಕ ಬಿಡಲಿಲ್ಲ. ಶಾಸ್ತ್ರಕ್ಕಾದರೂ ಒಂದು ಕಾಳು ಇಟ್ಟುಕೊಳ್ಳಿ, ಎಳ್ಳಿಲ್ಲದ ಮನೆಯಲ್ಲಿ ವರ್ಷವೆಲ್ಲ ಒಳ್ಳೆ ಮಾತೇ ಇರುವುದಿಲ್ಲ ಅಂದಳು.

ನಾನು ಉತ್ತರ ಕೊಡಲು ಸೆರಗು ಸಿಕ್ಕಿಸಿಕೊಂಡು ಹೊರಗೆ ಬಂದೆ. ಅತ್ತೆ ಕೈ ಅಡ್ಡ ಹಿಡಿದು ನನ್ನನ್ನು ತಡೆದರು.

"ಒಳ್ಳೆ ಮಾತು ನಮ್ಮನೆಗೆ ಬ್ಯಾಡ ಬುಡವ್ವ," ಅಂದರು. "ಸೊಸೆ ಬದ್ಕಿದ್ರೆ ಸಾಕು. ಇವ್ಳು ಹೋಗ್ಬುಟ್ರೆ ನಾನು ಜಗಳ ಯಾರ್ ತಾವ ಆಡ್ಲಿ?"